ಶ್ರುತಿ ಹಿಡಿದ ಸೈಲೆನ್ಸರ್

ನಾನು ಒಂದು ಪಿಕಪ್ ಗಾಡಿಯ ಸೈಲೆನ್ಸರ್. ಹೊಸಕೋಟೆ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಗಾಡಿಯ ಜೊತೆಗೇ ಕಂಪನಿಯಿಂದ ಬರುವ ದೊಡ್ಡ ಮನುಷ್ಯರು ಬೇರೆ. ಅವರು ಕೆಟ್ಟ ಮೇಲೆ ಅಂಗಡಿಯಿಂದ ತಂದು ಹಾಕಿಸುವ ಪೈಕಿ ನಾನು. ಹಾಗಂತ ನನ್ನ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಚಿಂತಾಮಣಿಯಲ್ಲಿ ಜಬೀವುಲ್ಲಾನ ಅಂಗಡಿಯ ಗೋಡೆಗೆ ನೇತುಬಿದ್ದು ಗಿರಾಕಿಗಳ ದಾರಿ ಕಾಯುತ್ತಿದ್ದೆ. ಬಂದವರೆಲ್ಲ "ಊರಿಗೆ ಊರೇ ತಿರುಗಿ ನೋಡಬೇಕು, ಅಂಥದ್ದು ಕೊಡು" ಅನ್ನುವವರೇ. ನನ್ನದೋ ಗುಂಯ್ ಅನ್ನುವ ಮೆತ್ತನೆಯ ದನಿ. ಎರಡು ವರ್ಷ ಧೂಳು ತಿಂದೆ.

ಒಂದು ದಿನ ವಾಲಗದ ಮುನಿಶಾಮಪ್ಪನವರು ಬಂದರು. ನಲವತ್ತು ವರ್ಷದಿಂದ ಮದುವೆಗಳಲ್ಲಿ ನಾಗಸ್ವರ ನುಡಿಸುವವರು. ಜೊತೆಗೆ ಡೋಲು ಬಾರಿಸುವ, ಪಿಕಪ್ಪನ್ನೂ ಓಡಿಸುವ ಅವರ ಭಾಮೈದ ಚಲಪತಿ.

"ಹಳೇದು ತೂತು ಬಿದ್ದು ಅರಚ್ತಾ ಐತೆ ಕಣಪ್ಪಾ," ಎಂದರು ಮುನಿಶಾಮಪ್ಪ. "ದಾರೀಲಿ ಗಾಡಿ ಹಿಂದ್ಗಡೆ ಕೂತು ಶ್ರುತಿ ಮಾಡ್ಕೊಳ್ಳೋರು ನಾವು. ಇದರ ಅರಚಾಟ ಕಿವೀಲೇ ಕೂತ್ಬಿಟ್ಟು, ತುಂಬಿದ ಛತ್ರದಲ್ಲಿ ಮಾನ ಹೋಯ್ತು."

ನಡೆದದ್ದು ಇಷ್ಟು. ಸಂಗೀತದ ಮೇಷ್ಟ್ರು ಶೇಷಗಿರಿಯವರು ನೆಂಟರ ಮದುವೆಯಲ್ಲಿ ಅಪಶ್ರುತಿಯೆಂದು ಕೈಯೆತ್ತಿ ವಾಲಗ ನಿಲ್ಲಿಸಿದ್ದರು. "ಶುಕ್ರವಾರ ನನ್ನ ಮಗಳ ಮದುವೆಗೂ ನಿಮಗೇ ಹೇಳಿಬಿಟ್ಟಿದ್ದೇನೆ. ಅಂದೂ ಹೀಗೇ ಆದರೆ ನಾಗಸ್ವರ ಶಾಶ್ವತವಾಗಿ ಕೆಳಗಿಟ್ಟುಬಿಡಿ" ಎಂದಿದ್ದರು. ಮುನಿಶಾಮಪ್ಪನವರು ಎಲ್ಲರೆದುರೇ "ಆಗಲಿ" ಎಂದು ಮಾತು ಕೊಟ್ಟು ಬಂದಿದ್ದರು.

ಬೇರೆಯವರು ಸೈಲೆನ್ಸರ್ ಕೊಳ್ಳುವಾಗ ಹೊಳಪು ನೋಡುತ್ತಾರೆ. ಇವರು ಒಂದೊಂದನ್ನೇ ಕೆಳಗಿಳಿಸಿ, ಬಾಯನ್ನು ಟವೆಲಿನಿಂದ ಒರೆಸಿ, ಕಣ್ಣು ಮುಚ್ಚಿ ಊದತೊಡಗಿದರು!

"ಅಣ್ಣೋ, ಅದು ಸೈಲೆನ್ಸರು, ಪೀಪಿ ಅಲ್ಲ!" ಎಂದ ಜಬೀವುಲ್ಲಾ.

"ಗಾಳಿ ಹೋಗೋ ಕೊಳವೆ ತಾನೇ? ಸುಮ್ಕಿರು."

ಒಂದಕ್ಕೆ ಗಂಟಲು ಕಟ್ಟಿದೆ ಎಂದರು. ಪಳಪಳ ಹೊಳೆಯುತ್ತಿದ್ದ ಇನ್ನೊಂದಕ್ಕೆ ಬರೀ ಸೋಗು ಎಂದರು. ಹೀಗೆ ಹನ್ನೊಂದು ಹೋದವು. ಹನ್ನೆರಡನೆಯವನು ನಾನು. ಊದಿದರು, ಕಣ್ಣು ಬಿಟ್ಟರು. "ಚಲಪತೀ, ಇದೇ ಕಣೋ!"

ಅಷ್ಟಕ್ಕೇ ಮುಗಿಯಲಿಲ್ಲ. ಗಾಡಿಯಡಿ ನನ್ನನ್ನು ಬಿಗಿದು ಇಂಜಿನ್ ಶುರು ಮಾಡಿದರೆ, "ಒಂದೆಳೆ ಮೇಲಾಯ್ತು, ಇಳಿಸು" ಎಂದರು. ಜಬೀವುಲ್ಲಾ ಇಂಜಿನ್ ವೇಗದ ಸ್ಕ್ರೂ ತಿರುಗಿಸಿದ. "ಈಗ ಕೂದಲೆಳೆ ಕೆಳಗಾಯ್ತು." ಮತ್ತೆ ತಿರುಗಿಸಿದ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಅವರಿಗೆ ಸಮಾಧಾನವಾಯಿತು.

ಶುಕ್ರವಾರ ಬಂತು. ಛತ್ರದ ಪಕ್ಕದಲ್ಲಿ ನಮ್ಮ ಗಾಡಿ ನಿಂತಿತ್ತು. ಮುಹೂರ್ತಕ್ಕೆ ಐದೇ ನಿಮಿಷ ಇದ್ದಾಗ ಕರೆಂಟು ಹೋಯಿತು. ಕರೆಂಟಿನ ಶ್ರುತಿಪೆಟ್ಟಿಗೆ ಗಪ್‌ಚುಪ್. ಜನರೇಟರ್ ಗೊರ್ ಅಂದು ಸತ್ತಿತು. ಒಳಗೆ ಮೇಷ್ಟ್ರು ಮುನಿಶಾಮಪ್ಪನವರನ್ನೇ ನೋಡುತ್ತಿದ್ದರಂತೆ.

ಚಲಪತಿ ಪಂಚೆ ಎತ್ತಿಕಟ್ಟಿ ಓಡಿ ಬಂದ. ಗಾಡಿಯನ್ನು ರಿವರ್ಸ್ ತೆಗೆದು, ನನ್ನ ಬಾಯನ್ನು ಮಂಟಪದ ಕಿಟಕಿಗೆ ಸರಿಯಾಗಿ ನಿಲ್ಲಿಸಿ, ಇಂಜಿನ್ ಓಡುತ್ತಿರಲು ಬಿಟ್ಟು ಡೋಲಿನತ್ತ ಓಡಿದ. ಹೆದರಿಕೆಗೆ ಮೊದಲು ಒಂದಿಷ್ಟು ಹೊಗೆ ಬಿಟ್ಟೆ. ಒಳಗೆ ಬೀಗರೊಬ್ಬರು ಕೆಮ್ಮಿದರು. ಆಮೇಲೆ ಉಸಿರು ಹಿಡಿದು ನಿಂತೆ. ಗುಂಯ್... ನನ್ನ ದನಿಯ ಮೇಲೆ ನಾಗಸ್ವರ ಮೆಲ್ಲಗೆ ಕಾಲಿಟ್ಟಿತು. ಅಯ್ಯೋ, ಎಂಥ ಸುಖ! ಗಟ್ಟಿಮೇಳ ಮುಗಿಯುವವರೆಗೂ ನಾನು ಅಲುಗಲಿಲ್ಲ.

ಊಟಕ್ಕೂ ಮುಂಚೆ ಮೇಷ್ಟ್ರು ಹೊರಗೆ ಬಂದರು. "ಶ್ರುತಿ ಹಿಡಿದವರು ಯಾರು? ಅವರನ್ನು ನೋಡಬೇಕು."

ಚಲಪತಿ ಗಾಡಿಯಡಿ ಬೆರಳು ತೋರಿಸಿದ. ಮೇಷ್ಟ್ರು ಜರಿಪಂಚೆಯಲ್ಲೇ ಬಗ್ಗಿ ನನ್ನನ್ನು ಬಹಳ ಹೊತ್ತು ನೋಡಿದರು. "ಭೇಷ್!" ಎಂದು ಬೆನ್ನು ತಟ್ಟಿದರು. ನಾನಿನ್ನೂ ಕೆಂಡದ ಹಾಗೆ ಕಾದಿದ್ದೆ. "ಅಯ್ಯಪ್ಪಾ!" ಎಂದು ಕೈ ಒದರುತ್ತ ಕೂಗಿದರು.

"ಅದೂ ಶ್ರುತೀಲೇ ಐತೆ ಮೇಷ್ಟ್ರೇ," ಎಂದರು ಮುನಿಶಾಮಪ್ಪ.

ಒಂಬತ್ತು ವರ್ಷ ದುಡಿದೆ. ತುಕ್ಕು ಹಿಡಿಯಿತು, ತೂತು ಬಿದ್ದವು. ಈಗ ಮುನಿಶಾಮಪ್ಪನವರ ಮನೆಯಲ್ಲಿ, ಅವರ ತಂದೆಯ ನಾಗಸ್ವರದ ಪಕ್ಕದ ಮೊಳೆಗೆ ನೇತಾಡುತ್ತಿದ್ದೇನೆ. ಇಲ್ಲಿಗೆ ಬಂದ ಬಗೆ ಹೇಳಿ ಮುಗಿಸುತ್ತೇನೆ.

ನನ್ನನ್ನು ಬಿಚ್ಚಿದ ಜಬೀವುಲ್ಲಾ "ಇನ್ನು ಗುಜರಿಗೆ" ಎಂದ. ಮುನಿಶಾಮಪ್ಪನವರು ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಬಾಯೊರೆಸಿ ಊದಿದರು. ತೂತುಗಳಿಂದ ಗಾಳಿ ಬುಸ್ಸೆಂದಿತು. ಸ್ವರ ಎಲ್ಲೋ ಹೋಗಿಬಿದ್ದಿತ್ತು. ನನಗೆ ನಾಚಿಕೆಯಾಯಿತು. ಕೂದಲೆಳೆಯಷ್ಟು ತಪ್ಪಿದರೂ ಒಪ್ಪದ ಮನುಷ್ಯ ಇವರು.

ಅವರು ಬಾಯಿಗಂಟಿದ ತುಕ್ಕನ್ನು ಒರೆಸಿಕೊಂಡರು.

"ಸರಿಯಾಗೇ ಐತಲ್ಲೋ," ಎಂದು ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು.