ತೆಂಕಣ ಗೋಡೆಯ ಸಿಮೆಂಟು

“ಈ ಗೋಡೆ ಒಂದನ್ನ ಮುಟ್ಟಬೇಡ. ಉಳಿದಿದ್ದೆಲ್ಲ ನಿನ್ನಿಷ್ಟ” ಎಂದು ಡೆಲ್ಫಿನಾ ಸುತ್ತಿಗೆಯನ್ನು ಕಿತ್ತುಕೊಂಡು ತನ್ನ ಏಪ್ರನ್ನಿನ ಜೇಬಿಗೆ ತುರುಕಿದಳು.

ಮಾರ್ಗೊ ಏಣಿಯ ಮೇಲೇ ನಿಂತುಬಿಟ್ಟಳು. ಹಳೆಯ ಮನೆಗಳನ್ನು ಉಳಿಸುವ ಸಂಸ್ಥೆಯ ಹುಡುಗಿ ಅವಳು. ಮಾರ್ಚಿನಿಂದ ದನ ಸಾಕುವ ಈ ರ‍್ಯಾಂಚಿನಲ್ಲೇ ಠಿಕಾಣಿ. ಮನೆಯೊಡತಿ ಡೆಲ್ಫಿನಾ ಸಂಸ್ಥೆಯ ಕಾಗದಕ್ಕೆ ಸಹಿ ಹಾಕಿ ಆಗಿತ್ತು. ನೂರಾನಲವತ್ತು ವರ್ಷದ ಮಣ್ಣಿನ ಮನೆ, ದನದ ದೊಡ್ಡಿ, ಬೆಟ್ಟದವರೆಗಿನ ಕಳ್ಳಿಗಾಡು, ಯಾವುದನ್ನೂ ಇನ್ನು ತುಂಡು ಮಾಡಿ ಮಾರುವಂತಿಲ್ಲ. ಬಂಗಲೆ ಕಟ್ಟುವವರು ಬಂದು ಹಳ್ಳದ ಜಾಗ ಕೇಳಿದಾಗ ಡೆಲ್ಫಿನಾ, ಮನೆಗೆ ಮೆತ್ತುವ ಮಣ್ಣೆಲ್ಲ ಆ ಹಳ್ಳದ್ದು, ಹಳ್ಳ ಕೊಟ್ಟು ಮನೆಗೇನು ಉಣಿಸಲಿ ಎಂದು ಅಟ್ಟಿದ್ದಳು. ಅಂಥವಳು ಈ ಗೋಡೆಗೆ ಬಂದಾಗ ಮಾತ್ರ ಹಟ ಹಿಡಿದು ಕೂತಿದ್ದಳು.

“ಅಮ್ಮಾ, ಸಿಮೆಂಟು ಉಸಿರಾಡಲ್ಲ. ಒಳಗೆ ಇಳಿದ ನೀರು ಅಲ್ಲೇ ನಿಂತು ಮಣ್ಣಿನಿಟ್ಟಿಗೆಯೆಲ್ಲ ಕರಗ್ತಿದೆ. ಗೋಡೆ ಹೊಟ್ಟೆ ಬಿಟ್ಟಿರೋದು ಕಾಣಲ್ವಾ? ಎರಡು ವಾರಕ್ಕೆ ಮಳೆ ಶುರು. ಇದು ಬಿದ್ರೆ ಸೂರೂ ಬೀಳತ್ತೆ.”

“ಹೊಟ್ಟೆ ನಂಗೂ ಇದೆ. ನಾನೇನು ಬಿದ್ನಾ?”

ಮೆಸ್ಕೀಟ್ ಮರದ ನೆರಳಲ್ಲಿ ಕಾಫಿ ಹೀರುತ್ತಿದ್ದ ಮೈದುನ ಬೆತೊ ಬಾಯಿ ಹಾಕಿದ. “ಅತ್ತಿಗೆ, ಅಣ್ಣ ಬಳಿಯುವಾಗಲೇ ನಾನು ಹೇಳಿದ್ದೆ, ಇದು ನಿಲ್ಲಲ್ಲ ಅಂತ.”

“ನಿನ್ನ ಹತ್ರ ಯಾವುದು ನಿಂತಿದೆ ಹೇಳು? ಮೂರು ಹೆಂಡ್ತೀರು ನಿಂತ್ರಾ?”

ಬೆತೊ ಮತ್ತೆ ಕಾಫಿಗೆ ಬಾಯಿಟ್ಟ.

ಈ ಸೀಮೆಯಲ್ಲಿ ಗೋಡೆ ಕಟ್ಟುವವರು ಗಂಡಸರು, ಮಳೆಗೆ ಮುಂಚೆ ವರ್ಷವರ್ಷ ಮಣ್ಣು ಮೆತ್ತುವವರು ಹೆಂಗಸರು. ಡೆಲ್ಫಿನಾ ಹತ್ತರ ವಯಸ್ಸಿಗೇ ತಾಯಿಯ ಜೊತೆ ಊರೂರು ಮೆತ್ತಿ ಅಂಗೈ ಸವೆಸಿದವಳು. ಈ ರ‍್ಯಾಂಚಿಗೆ ಮೊದಲು ಬಂದದ್ದೂ ಕೂಲಿಗೇ. ಮದುವೆಯಾದ ವರ್ಷ ಗಂಡ ಹಿಲಾರಿಯೊ ಅರವತ್ತು ಮೈಲಿ ಹೋಗಿ ಸಿಮೆಂಟು ತಂದು, ಮಳೆ ಹೆಚ್ಚು ಬಡಿಯುವ ಈ ತೆಂಕಣ ಗೋಡೆಗೆ ತಾನೇ ಬಳಿದ. “ಇನ್ನು ನಿನ್ನ ಕೈ ಮಣ್ಣಾಗೋ ಕೆಲಸ ಇಲ್ಲ” ಅಂದ. ಯಾವ ಗಂಡಸು ಹೆಂಡತಿಗೆ ಹಾಗಂದದ್ದಿತ್ತು! ಅವನು ಹೋಗಿ ಒಂಬತ್ತು ವರ್ಷವಾಯಿತು. ಅವನ ಟೋಪಿಯನ್ನೂ ಕುದುರೆಯ ಜೀನನ್ನೂ ಅವಳು ಕೇಳಿದವರಿಗೆ ಕೊಟ್ಟಿದ್ದಳು. ಈ ಗೋಡೆಯನ್ನು ಬಿಟ್ಟುಕೊಡಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

“ಕಬ್ಬಿಣ ಇದ್ದ ಹಾಗಿದೆ, ನೋಡು” ಎಂದವಳೇ ಸುತ್ತಿಗೆ ತೆಗೆದು ಒಂದೇಟು ಹಾಕಿದಳು.

ದೊಬ್ಬೆಂದಿತು. ಬಾಗಿಲಗಲದ ಸಿಮೆಂಟು ಹಪ್ಪಳದಂತೆ ಎದ್ದು ಅವಳ ಕಾಲ ಬಳಿಯೇ ಬಿತ್ತು. ಗೋಡೆಯ ಬುಡದಿಂದ ಒದ್ದೆ ಮಣ್ಣು ಬಳಬಳನೆ ಸುರಿಯಿತು. ಕೋಳಿಗಳು ಕೂಗಿಕೊಂಡು ಓಡಿದವು.

ಮೇಲ್ಭಾಗ ಮಾತ್ರ ಒಣಗಿ ಗಟ್ಟಿಯಾಗಿತ್ತು. ಸಿಮೆಂಟಿನ ಹಿಂದೆ ಹಳೆಯ ಮಣ್ಣಿನ ಮೆತ್ತು ಹಾಗೇ ಇತ್ತು. ಅದರ ಮೇಲೆ ಬೆರಳ ಗುರುತು, ನಾಲ್ಕು ನಾಲ್ಕು ಗೆರೆಯ ಅರ್ಧಚಂದ್ರಗಳು, ಸಾಲುಸಾಲಾಗಿ ಎಡಕ್ಕೆ ಬಾಗಿದ್ದವು.

“ಎಡಗೈಯವರು ಮೆತ್ತಿದ್ದು” ಎಂದಳು ಮಾರ್ಗೊ.

ಈ ಸೀಮೆಯ ಹೆಂಗಸರಲ್ಲಿ ಎಡಗೈಯಲ್ಲಿ ಮೆತ್ತುವವಳು ಒಬ್ಬಳೇ. ಅವಳು ಸುತ್ತಿಗೆ ಹಿಡಿದು ಬಾಯಿ ತೆರೆದು ನಿಂತಿದ್ದಳು.

ಬೆತೊ ಎದ್ದು ಬಂದ. “ಹಳೇ ಮಣ್ಣು ಕೆರೆದು ತೆಗೆದ್ರೇನೇ ಸಿಮೆಂಟು ಹಿಡಿಯೋದು. ಅದನ್ನೇ ಕೆರೆಯೋಕೆ ನಾನು ಸಲಿಕೆ ಎತ್ತಿದ್ದೆ. ಅಣ್ಣ ಕೈ ಹಿಡ್ಕೊಂಡ. ‘ಕೆರೀಬೇಡ ಕಣೋ, ಅದು ಡೆಲ್ಫಿನಾ ಕೈ. ಅವಳನ್ನ ನಾನು ಮೊದಲು ನೋಡಿದ್ದೇ ಇದನ್ನ ಮೆತ್ತುವಾಗ’ ಅಂದ. ಅದರ ಮೇಲೇ ಬಳಿದುಬಿಟ್ಟ.”

“ಇಷ್ಟು ವರ್ಷ ಯಾಕೋ ಹೇಳಲಿಲ್ಲ?”

“ಆಣೆ ಹಾಕಿಸಿದ್ದ. ಆಮೇಲೆ ಮರೆತೂ ಹೋಯ್ತು. ಮೂರು ಹೆಂಡ್ತೀರನ್ನ ನಿಲ್ಲಿಸ್ಕೊಳ್ಳೋ ಗಡಿಬಿಡೀಲಿದ್ದೆ.”

ಡೆಲ್ಫಿನಾ ಗೆರೆಗಳ ಮೇಲೆ ಬೆರಳಿಟ್ಟಳು. ಗಿಣ್ಣು ಊದಿದ ಬೆರಳು ಒಂದೂ ಅದರಲ್ಲಿ ಕೂರಲಿಲ್ಲ. “ದಡ್ಡ ಮುಂಡೇದು! ಇಂಥವನ್ನ ಕಟ್ಟಿಕೊಂಡು ನಲವತ್ತು ವರ್ಷ ಬಾಳಿದೆನಲ್ಲ!” ಎಂದು ನಗತೊಡಗಿದವಳಿಗೆ ಕಣ್ಣಲ್ಲಿ ನೀರು ಬಂತು. ಏಪ್ರನ್ನಿನಿಂದ ಒರೆಸಿಕೊಂಡಳು. ಬಹಳ ದಿನದ ಮೇಲೆ ಅವಳಿಗೆ ಸುಖವಾಗಿತ್ತು.

“ತಗೋ ಮಗಳೇ, ಒಡಿ” ಎಂದು ಸುತ್ತಿಗೆ ಕೊಟ್ಟಳು.

ಬುಡದ ಇಟ್ಟಿಗೆ ಬದಲಾಯಿಸಲು ಎಂಟು ದಿನ ಹಿಡಿಯಿತು. ಕಲಸಿದ ಮಣ್ಣನ್ನು ಡೆಲ್ಫಿನಾ ಮೂರು ಸಲ ಚೆಲ್ಲಿಸಿದಳು. ಒಮ್ಮೆ ಹುಲ್ಲು ಸಾಲದು ಅಂದಳು, ಒಮ್ಮೆ ಮರಳು ಹೆಚ್ಚು ಅಂದಳು, ಮತ್ತೊಮ್ಮೆ ಪಾಪಾಸುಕಳ್ಳಿಯ ಲೋಳೆ ಎಲ್ಲಿ ಎಂದು ಬೈದಳು. ಮಾರ್ಗೊ ಮಾತ್ರ ಬೆರಳ ಗುರುತನ್ನು ಬಿಡಲೊಲ್ಲಳು. “ಇಷ್ಟು ಭಾಗಕ್ಕೆ ಗಾಜು ಹಾಕಿಸೋಣ ಅಮ್ಮಾ, ಬಂದವರು ನೋಡ್ತಾರೆ.”

“ಗೋಡೆಗೆ ಗಾಜಾ? ನಾನೇನು ಇಗರ್ಜೀಲಿ ಗಾಜಿನೊಳಗಿಡೋ ಸಂತಳಾ?”

“ಹಾಗಾದ್ರೆ ಕೆರೆದು ತೆಗೀಬೇಕಾ?”

“ಕೆರೀಬೇಡ!” ಎಂದಳು ಡೆಲ್ಫಿನಾ ಥಟ್ಟನೆ. ಆಮೇಲೆ ದನಿ ಇಳಿಸಿದಳು. “ನೀರು ಚಿಮುಕಿಸು, ಸಾಕು. ಮಣ್ಣಿಗೆ ಮಣ್ಣು ಹಿಡಿಯತ್ತೆ.”

ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಬೆತೊ ಏಣಿ ಹಿಡಿದುಕೊಂಡ. ಡೆಲ್ಫಿನಾ ಬಂಗಾರದ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡಳು, ಒಂದು ಹಿಡಿ ಮಣ್ಣು ತೆಗೆದು ಹಳೆಯ ಮೊದಲ ಗೆರೆಯ ಮೇಲಿಟ್ಟು, ಎಡಗೈಯಿಂದ ಮೆಲ್ಲನೆ ಎಳೆದಳು.