ದ್ರಾಕ್ಷಿ ವಾಸನೆಯ ಕೋಣೆ

ಅಜ್ಜಿಯ ಕೋಣೆಯಲ್ಲಿ ದ್ರಾಕ್ಷಿಹಣ್ಣಿನ ವಾಸನೆ ಹುಟ್ಟಿಕೊಂಡಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಪುಟ್ಟಿಯ ಜೊತೆ ಬಂದದ್ದು ಎಂದೇ ತಿಳಿದರು. ಪುಟ್ಟಿಯೂ ಹಾಗೆಯೇ ತಿಳಿದಳು.

ಅವಳ ಕೆಲಸ ಅಂಥದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ಕೀವನ್ನೋ ಕಫವನ್ನೋ ಗಾಜಿನ ತಟ್ಟೆಗೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮರುದಿನ ಯಾವ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ನೋಡುವುದು. ಅವುಗಳಲ್ಲಿ ಹಸಿರು ಬಣ್ಣ ಕಾರುವ ಜಾತಿಯೊಂದಿದೆ. ಅದರ ತಟ್ಟೆಯ ಮುಚ್ಚಳ ಎತ್ತಿದರೆ ಮಾಗಿದ ದ್ರಾಕ್ಷಿಯ ಘಮ.

"ಬಂದ್ಲು ನೋಡಿ ನಮ್ಮ ಹಣ್ಣಿನ ವ್ಯಾಪಾರಿ," ಎಂದು ಅಮ್ಮ ಸಂಜೆ ಬಾಗಿಲಲ್ಲೇ ಛೇಡಿಸುತ್ತಿದ್ದಳು. "ಬರೀ ವಾಸನೆ ತರ್ತಾಳೆ, ಒಂದು ಗೊಂಚಲು ತಂದಿದ್ರೆ ಕೈ ಸವೆದುಹೋಗ್ತಿತ್ತಾ?"

ಹಸಿರು ಜಾತಿಯದು ಕಳ್ಳಬುದ್ಧಿ. ಕೆಲವೇ ಇದ್ದಾಗ ಬೆಕ್ಕು ಕಣ್ಣು ಮುಚ್ಚಿ ಕೂತ ಹಾಗೆ ಸುಮ್ಮನಿರುತ್ತವೆ. ಆದರೆ ಒಂದೊಂದೂ ಸುತ್ತಲೂ ಒಂದಿಷ್ಟು ರಸ ಚೆಲ್ಲಿ 'ನಾನಿದ್ದೇನೆ' ಎನ್ನುತ್ತಿರುತ್ತದೆ. ಆ ರಸ ದಟ್ಟವಾಗಿ, ನಾವೀಗ ಸಾಕಷ್ಟು ಮಂದಿ ಎಂದು ಗೊತ್ತಾದೊಡನೆ ಎಲ್ಲವೂ ಒಟ್ಟಿಗೆ ವಿಷ ಕಾರಿ ಮೇಲೆ ಬೀಳುತ್ತವೆ. ದ್ರಾಕ್ಷಿಯ ಘಮ ಏಳುವುದೂ ಹಾಗೆ ಗುಂಪು ಕೂಡಿದ ಮೇಲೆಯೇ.

ಇದನ್ನು ಮೊದಲ ಸಲ ಓದಿದಾಗ ಪುಟ್ಟಿಗೆ ಅಜ್ಜಿಯ ಕಥೆ ನೆನಪಾಗಿತ್ತು. ಒಬ್ಬ ಮುದುಕಿಯ ಅಟ್ಟದಲ್ಲಿ ಒಬ್ಬ ಕೋಳಿಕಳ್ಳ ಸೇರಿಕೊಂಡಿದ್ದನಂತೆ. ಕಳ್ಳನಾದರೂ ತನ್ನ ಠಾವಿಗೆ ಬೇರೆ ಕಳ್ಳರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಊರವರು ಅವನನ್ನು ಬಡಿದು ಓಡಿಸಿದರು. ಆಮೇಲೆ ಕತ್ತಲಲ್ಲಿ ಒಂದು ಶಿಳ್ಳೆ ಕೇಳಿತು, ಇನ್ನೊಂದು ಕೇಳಿತು. ದರೋಡೆಕೋರರು ಒಬ್ಬರಿಗೊಬ್ಬರು ಗುರುತು ಹೇಳಿಕೊಳ್ಳುತ್ತಿದ್ದರು. ಮುದುಕಿಗೆ ಉಬ್ಬಸ. ತನ್ನ ಎದೆಯೇ ಶಿಳ್ಳೆ ಹಾಕುತ್ತಿದೆ ಎಂದುಕೊಂಡು ಮಗ್ಗುಲು ಬದಲಿಸಿದಳು.

"ಅಯ್ಯೋ ಪೆದ್ದಿ, ಅಷ್ಟೂ ಗೊತ್ತಾಗಲ್ವಾ ಅವಳಿಗೆ?" ಎಂದು ಚಿಕ್ಕಂದಿನಲ್ಲಿ ಕಥೆ ಕೇಳಿದಾಗಲೆಲ್ಲ ಪುಟ್ಟಿ ನಗುತ್ತಿದ್ದಳು.

ಅಜ್ಜಿಯದು ಸಕ್ಕರೆ ಕಾಯಿಲೆಯ ಮೈ. ಪಾದಗಳಿಗೆ ಸ್ಪರ್ಶ ತಿಳಿಯದೆ ಕುದಿನೀರು ಚೆಲ್ಲಿಕೊಂಡಿದ್ದಳು. ಗಾಯ ಕೀವಾಗಿ ನಾರತೊಡಗಿತು. ಆ ಕೀವು ಸವರಿದ ಪುಟ್ಟಿಯ ತಟ್ಟೆಯಲ್ಲಿ ಇನ್ನೊಂದು ಜಾತಿಯ, ಬಂಗಾರದ ಬಣ್ಣದ ಚುಕ್ಕಿಗಳು ಎದ್ದವು. ಆ ಜಾತಿಯನ್ನು ಮಾತ್ರ ಕೊಲ್ಲುವ ಮಾತ್ರೆ ಬಂತು, ನಾತ ಹೋಯಿತು. "ಕಳ್ಳ ಓಡಿಹೋದ ಅಜ್ಜಿ," ಎಂದು ಪುಟ್ಟಿ ಕುಣಿದಾಡಿದಳು. ಇನ್ನು ಗಾಯ ಕೆದಕಬಾರದು, ತಾನಾಗಿ ಒಣಗಲಿ ಎಂದು ಅಮ್ಮ ದಿನವೂ ಬ್ಯಾಂಡೇಜ್ ಬಿಚ್ಚುವುದನ್ನು ಬಿಟ್ಟಳು.

"ನಾರ್ತಿದ್ದಾಗ ನೊಣಗಳಾದ್ರೂ ಮಾತಾಡಿಸೋಕೆ ಬರ್ತಿದ್ವು," ಎಂದಿದ್ದಳು ಅಜ್ಜಿ. "ಈಗ ಅವಕ್ಕೂ ಬೇಡವಾದೆ."

ಆ ಭಾನುವಾರ ಪುಟ್ಟಿಗೆ ರಜೆ. ತಲೆಗೆ ನೀರೆರೆದುಕೊಂಡು, ಒಗೆದ ಬಟ್ಟೆ ತೊಟ್ಟು, ಅಜ್ಜಿಯ ಮಂಚದ ಬಳಿ ಕೂತು ಕೂದಲು ಬಿಡಿಸುತ್ತಿದ್ದಳು. ಕೋಣೆಯ ತುಂಬ ದ್ರಾಕ್ಷಿ. ಕೂದಲನ್ನು ಮೂಗಿಗೆ ಹಿಡಿದಳು. ಸೋಪು. ತೋಳನ್ನು ಹಿಡಿದಳು. ಸೋಪು.

ಬಾಚಣಿಗೆ ಕೈಯಲ್ಲೇ ನಿಂತಿತು.

"ಅಮ್ಮಾ, ನನ್ನ ಲ್ಯಾಬ್ ಬಟ್ಟೆ ಎಲ್ಲಿದೆ?"

"ನಿನ್ನೆಯೇ ಒಗೆದು ಹಾಕಿದೀನಲ್ಲೇ. ಯಾಕೆ?"

ಪುಟ್ಟಿ ಬಾಚಣಿಗೆ ಕೆಳಗಿಟ್ಟಳು. ಬಗ್ಗಿ ಅಜ್ಜಿಯ ಪಾದದ ಹತ್ತಿರ ಮೂಗು ಒಯ್ದಳು. ಸುತ್ತು ಸುತ್ತಾಗಿ ಬ್ಯಾಂಡೇಜ್ ಬಿಚ್ಚಿದಳು. ಮೇಲಿನ ಸುತ್ತು ಬಿಳಿ. ಅದರ ಕೆಳಗಿನದು ನೀರಿನ ಪಾಚಿಯ ಹಾಗೆ ತೆಳು ಹಸಿರು. ಕೊನೆಯದು ನವಿಲುಗರಿಯ ಬಣ್ಣ. ಗಾಯದ ಸುತ್ತ ಕಪ್ಪು, ಕಪ್ಪಿನಿಂದ ಮೇಲಕ್ಕೆ ಮೊಣಕಾಲಿನತ್ತ ಹೊರಟ ಕೆಂಪು.

"ನೋವಿದೆಯಾ ಅಜ್ಜಿ?"

"ನೋವೇನಿಲ್ಲ. ಚಳಿ. ಕಿಟಕಿ ಮುಚ್ಚೇ ಪುಟ್ಟಿ."

ಕಿಟಕಿ ಮುಚ್ಚಿಯೇ ಇತ್ತು. ಪುಟ್ಟಿ ಹಿಡಿದ ಅಜ್ಜಿಯ ಕೈ ಕೆಂಡದಂತೆ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವೈದ್ಯರು ಕಾಲನ್ನು ಒತ್ತಿ ನೋಡಿ, ಯಾರ ಮುಖವನ್ನೂ ನೋಡದೆ ಕೇಳಿದರು, "ಈ ವಾಸನೆ ಯಾವಾಗಿಂದ ಇದೆ?"

"ವಾಸನೆ ಇತ್ತು," ಎಂದಳು ಅಮ್ಮ. ಮಗಳತ್ತ ತಿರುಗಿದಳು. "ಅದು ಇವಳದು ಅಂತ..."

"ಒಂದು ವಾರದಿಂದ," ಎಂದಳು ಪುಟ್ಟಿ.

ವೈದ್ಯರು ಜೇಬಿನಿಂದ ಪೆನ್ನು ತೆಗೆದು ಮೊಣಕಾಲಿಗಿಂತ ಮೇಲೆ, ಕಾಲಿನ ಸುತ್ತ ಒಂದು ಗೆರೆ ಎಳೆದರು. ಆ ಗೆರೆಯ ಅರ್ಥವನ್ನು ಅಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗೆರೆಯ ಕೆಳಗೆ ಇನ್ನು ಉಳಿಯದ ಕಾಲನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಜ್ಜಿ ಜ್ವರದ ಕಣ್ಣು ತೆರೆದಳು. "ಪುಟ್ಟಿ, ಯಾರೋ ಶಿಳ್ಳೆ ಹಾಕ್ತಿದಾರಲ್ಲೇ."

ಪುಟ್ಟಿ ಬೆಳಗ್ಗೆ ತೊಳೆದ ಕೂದಲನ್ನು ಇನ್ನೊಮ್ಮೆ ಮೂಗಿಗೆ ಹಿಡಿದಳು.

"ಹೌದಜ್ಜಿ," ಎಂದಳು. "ಈಗ ನನಗೂ ಕೇಳಿಸ್ತಿದೆ."