ಬಿರಡೆ ಕೀಳಲು ನ್ಯಾಮತಿಗೆ

ಚನ್ನಗಿರಿಯ ಅಡಿಕೆ ವರ್ತಕ ಷಣ್ಮುಖಪ್ಪನವರು ಇಟಲಿಯಲ್ಲಿ ಎಂಟು ದಿನ ಇದ್ದು ಬಂದರು. ಬಂದಮೇಲೆ ಎಂಟು ತಿಂಗಳು ಇಟಲಿಯ ಮಾತೇ ಆಡಿದರು, ಅದರಲ್ಲೂ ಅಲ್ಲಿನ ವೈನಿನ ಮಾತು. ಅಲ್ಲಿದ್ದಷ್ಟು ದಿನ ಅವರು ಒಂದು ತೊಟ್ಟನ್ನೂ ಬಾಯಿಗೆ ಬಿಟ್ಟುಕೊಂಡವರಲ್ಲ. ಊರಿಂದ ಒಯ್ದ ಅವಲಕ್ಕಿ, ಚಟ್ನಿಪುಡಿಯಲ್ಲೇ ದಿನ ದೂಡಿದ್ದರು. ಕುಡಿದವರು ಅವರ ಹೆಂಡತಿ ಕಸ್ತೂರಮ್ಮ.

ಆಸೆಪಟ್ಟು ಕುಡಿದದ್ದೇನಲ್ಲ. ಅಲ್ಲೊಂದು ಖಾನಾವಳಿಯಲ್ಲಿ ಊಟದ ಜೊತೆ ವೈನು ಬಿಟ್ಟಿ, ನೀರಿಗೆ ಕಾಸು. ಕಸ್ತೂರಮ್ಮ ವೈನನ್ನೇ ತೆಗೆದುಕೊಂಡರು. ಮೊದಲ ಗುಟುಕಿಗೆ ಹುಳಿ, ಒಗರು, ಮುಖ ಕಿವುಚಿತು. ಟೊಮೇಟೊ ಗೊಜ್ಜು ಸುರಿದ ದಪ್ಪ ಶಾವಿಗೆಯನ್ನು ಒಂದು ತುತ್ತು ತಿಂದು ಮತ್ತೆ ಕುಡಿದರೆ ಎರಡೂ ಹೊಂದಿಕೊಂಡವು. ಬಡಿಸುತ್ತಿದ್ದ ಮುದುಕಿ ಮೂರು ಬೆರಳು ತೋರಿಸಿ, ಇದು ಮೂರು ಜಾತಿ ದ್ರಾಕ್ಷಿ ಬೆರೆಸಿದ್ದೆಂದು ಸನ್ನೆ ಮಾಡಿದಳು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸಿ ಮೆಣಸಿನಪುಡಿ ಕುಟ್ಟಿಸುವ ಕಸ್ತೂರಮ್ಮನವರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಮರುದಿನ ತರಕಾರಿ ಅಂಗಡಿಯಲ್ಲಿ ಅಂಥದೇ ಒಂದು ಬಾಟಲಿ ಕೊಂಡರು.

ಊರಿಗೆ ಬಂದಮೇಲೆ ಬಾಟಲಿ ಷಣ್ಮುಖಪ್ಪನವರದಾಯಿತು. ಶೋಕೇಸಿನಲ್ಲಿ, ಬಸವಣ್ಣನ ಮೂರ್ತಿಯಿಂದ ಗೇಣು ದೂರದಲ್ಲಿ ಅದನ್ನಿಟ್ಟು, ಬಂದವರಿಗೆಲ್ಲ ‘ಹನ್ನೆರಡು ಸಾವಿರದ್ದು’ ಎನ್ನುತ್ತಿದ್ದರು. ತೆಗೆಯೋಣವೇ ಎಂದು ಯಾರಾದರೂ ಕೇಳಿದರೆ, “ಶಿವಪೂಜೆ ಮಾಡೋ ಮನೆ. ಇದು ನೋಡಾಕೆ ಮಾತ್ರ” ಎಂದು ಕೈಮುಗಿಯುತ್ತಿದ್ದರು.

ಅಷ್ಟರಲ್ಲಿ ವರ್ತಕರ ಸಂಘದ ಅಧ್ಯಕ್ಷಗಿರಿಯ ಚುನಾವಣೆ ಬಂತು. ಹೊನ್ನಾಳಿಯ ಗುರುಬಸವರಾಜ್ ಕೈಯಲ್ಲಿ ಹತ್ತಾರು ಮತಗಳಿದ್ದವು. ಮುಂಬಯಿಯಲ್ಲಿ ಮೂರು ವರ್ಷ ಇದ್ದು ಬಂದ ಆತ ವೈನಿನ ಪಂಡಿತನೆಂದು ಹೆಸರಾಗಿದ್ದ. ಶಿವಪೂಜೆಯ ಮನೆಯ ನಿಯಮ ಸಡಿಲವಾಯಿತು. ಭಾನುವಾರ ಮಧ್ಯಾಹ್ನದ ಊಟಕ್ಕೆ ಗುರುಬಸವರಾಜ್ ಹೆಂಡತಿ ರೂಪಶ್ರೀಯ ಜೊತೆ ಬಂದಿಳಿದ.

ಬಾಟಲಿಯನ್ನು ಎಳೆಗೂಸಿನಂತೆ ಎತ್ತಿಕೊಂಡು, “ಸ್ಕ್ರೂ ಎಲ್ಲೈತ್ರಿ? ಬಿರಡೆಗೆ ತಿರುವಿ ಹಾಕಿ ಕೀಳ್ಬೇಕು. ಅಡ್ಡಾದಿಡ್ಡಿ ಎಳೆದ್ರೆ ಹನ್ನೆರಡು ಸಾವಿರ ನೀರಾಗೆ ಹೋತು” ಎಂದ.

ಅಂಥ ಸ್ಕ್ರೂ ಬಾರಿನಲ್ಲಿ ಮಾತ್ರ ಸಿಗುವಂಥದ್ದು. ಚನ್ನಗಿರಿಯಲ್ಲಿ ಬಾರುಗಳಿಗೇನೂ ಬರವಿಲ್ಲ. ಆದರೆ ಅಧ್ಯಕ್ಷರಾಗುವವರು ಊರಿನ ಬಾರಿನ ಮೆಟ್ಟಿಲು ಹತ್ತುವುದುಂಟೇ? ಹೊನ್ನಾಳಿಯಲ್ಲಿ ಗುರುಬಸವರಾಜನನ್ನು ಎಲ್ಲರೂ ಬಲ್ಲರು. ಕೊನೆಗೆ, ಇಬ್ಬರ ಮುಖವನ್ನೂ ಯಾರೂ ಕಾಣದ ನ್ಯಾಮತಿಗೇ ಹೋಗುವುದೆಂದು ತೀರ್ಮಾನಿಸಿ ಕಾರು ಹತ್ತಿದರು.

ಒಂದೂವರೆಯಾಯಿತು, ಎರಡಾಯಿತು. ಜೋಳದ ರೊಟ್ಟಿ ಸೆಟೆಯತೊಡಗಿತು.

“ಹೊಟ್ಟೆ ತಾಳ ಹಾಕ್ತೈತೆ ಅಕ್ಕಾರೆ” ಎಂದಳು ರೂಪಶ್ರೀ.

ಕಸ್ತೂರಮ್ಮ ಇಬ್ಬರಿಗೂ ತಟ್ಟೆ ಹಾಕಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಆಮೇಲೆ ಬಾಟಲಿಯನ್ನು ತಂದು ಅದರ ಕುತ್ತಿಗೆ ನೋಡಿದರು. ಬಿರಡೆ ಎಲ್ಲಿಂದ ಬರಬೇಕು? ಕೆಮ್ಮಿನ ಔಷಧಿ ಬಾಟಲಿಗಿರುವಂಥ ತಿರುಗಣೆ ಮುಚ್ಚಳ. ಸೆರಗು ಹಿಡಿದು ತಿರುವಿದರು. ಕಟಕ್ ಎಂದು ಬಿಚ್ಚಿಕೊಂಡಿತು. ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸಿದರು.

ರೂಪಶ್ರೀ ಕುಡಿದು ಮುಖ ಹಿಂಡಿದಳು. “ಅಯ್ಯಯ್ಯ, ಹುಳಿ!”

“ಬರೀ ಕುಡಿಬ್ಯಾಡವ್ವ. ಎಣ್ಣೆಗಾಯಿ ತುತ್ತು ನುಂಗು, ಆಮೇಲೆ ಒಂದು ಗುಟುಕು ತಗ.”

ರೂಪಶ್ರೀ ಹಾಗೇ ಮಾಡಿದಳು. ಎಣ್ಣೆ, ಶೇಂಗಾ, ಎಳ್ಳಿನ ಜಿಡ್ಡನ್ನೆಲ್ಲ ಆ ಹುಳಿ ತೊಳೆದು, ನಾಲಿಗೆ ಮತ್ತೊಂದು ತುತ್ತು ಬೇಡಿತು. “ಇದು ನಮ್ಮ ಎಣ್ಣೆಗಾಯಿಗೇ ಮಾಡಿದಂಗೈತೆ” ಎಂದಳು. ಎಷ್ಟೋ ದಿನಗಳಿಂದ ಯಾರಿಗೂ ಬಡಿಸದೆ, ಯಾರಿಗೂ ಕಾಯದೆ ಕೂತು ಉಂಡಿರಲಿಲ್ಲವೆಂದು ಕಸ್ತೂರಮ್ಮನವರಿಗೆ ಹೊಳೆಯಿತು. ಇನ್ನೊಂದು ರೊಟ್ಟಿ ಮುರಿದರು.

ಗಂಡಸರು ಬಂದಾಗ ನಾಲ್ಕೂವರೆ. ಹೋದವರು ಇಬ್ಬರು, ಬಂದವರು ಐವರು. ನ್ಯಾಮತಿಯ ಬಾರಿನ ಮೂಲೆಯಲ್ಲಿ ಚನ್ನಗಿರಿ ಸಂಘದ ಮೂವರು ಸದಸ್ಯರು ಕೂತಿದ್ದರಂತೆ. ಅವರೂ ಯಾರೂ ಕಾಣದಿರಲೆಂದೇ ಅಷ್ಟು ದೂರ ಹೋದವರು. ಕಂಡಮೇಲೆ ಊಟಕ್ಕೆ ಕರೆಯದೆ ವಿಧಿಯಿರಲಿಲ್ಲ.

ಅರ್ಧವಾದ ಬಾಟಲಿ ನೋಡಿ ಷಣ್ಮುಖಪ್ಪ ಬಿಳಿಚಿಕೊಂಡರು. ಗುರುಬಸವರಾಜ್ ಮಾತ್ರ ಅಳುಕಲಿಲ್ಲ. ಸ್ಕ್ರೂವನ್ನು ಜೇಬಿಗೆ ಸೇರಿಸಿ, “ತೆಗೆದಿಟ್ಟು ಗಾಳಿ ಆಡಿಸಿದ್ದು ಚಲೋ ಆತು” ಎಂದು ಲೋಟಕ್ಕೆ ಬಗ್ಗಿಸಿಕೊಂಡು, ಗಿರಗಿರ ತಿರುಗಿಸಿ, ಮೂಗು ತೂರಿಸಿ, ಒಂದು ಗುಟುಕು ಹೀರಿದ. “ಆಹಾ! ಗಂಧದ ಚಕ್ಕೆ, ಹಳೇ ಚರ್ಮ... ಹನ್ನೆರಡು ಸಾವಿರಕ್ಕೆ ಮೋಸ ಇಲ್ಲ.”

“ನಾಕು ಯೂರೋ ಅಷ್ಟೆ ಕಣಪ್ಪ. ನಮ್ಮ ಲೆಕ್ಕದಾಗೆ ನಾನೂರು ಚಿಲ್ರೆ” ಎಂದರು ಕಸ್ತೂರಮ್ಮ. “ಈರುಳ್ಳಿ ಜೋಡಿ ನಾನೇ ತಂದಿದ್ದು. ಅಲ್ಲಿ ಎಲ್ರೂ ದಿನಾ ಊಟಕ್ಕೆ ಇಟ್ಕಳೋದು.”

ಗುರುಬಸವರಾಜ್ ಲೋಟ ಕೆಳಗಿಟ್ಟ. “ಅದಕ್ಕೇ... ಹಿಂದೆ ಸ್ವಲ್ಪ ಒಗರು ಹೊಡೀತು.”

ಸದಸ್ಯರಲ್ಲಿ ಹಿರಿಯರಾದ ಮಲ್ಲಿಕಾರ್ಜುನಪ್ಪನವರಿಗೆ ಗಂಧದ ಚಕ್ಕೆಗಿಂತ ಹಸಿವು ದೊಡ್ಡದಾಗಿತ್ತು. ಎಣ್ಣೆಗಾಯಿ ನೆಂಚಿಕೊಂಡು, ಒಂದು ಗುಟುಕು ಕುಡಿದು, ಲೋಟವನ್ನು ಮತ್ತೆ ಮುಂದೆ ಹಿಡಿದರು. “ನಾನೂರಕ್ಕೆ ಇಂಥದ್ದಾ? ಹಾಕ್ರಿ ತಾಯಿ.”

ಮುಂದಿನ ತಿಂಗಳು ಷಣ್ಮುಖಪ್ಪ ಅವಿರೋಧವಾಗಿ ಆಯ್ಕೆಯಾದರು. ನ್ಯಾಮತಿಯಲ್ಲಿ ಒಬ್ಬರನ್ನೊಬ್ಬರು ಕಂಡವರಲ್ಲಿ ಯಾರಿಗೂ ಎದುರು ನಿಲ್ಲುವ ಧೈರ್ಯವಿರಲಿಲ್ಲ.

ಆದರೆ ಆ ಭಾನುವಾರ, ಬಂದವರೆಲ್ಲ ಹೋದಮೇಲೆ, ಷಣ್ಮುಖಪ್ಪ ಮುಖ ಊದಿಸಿಕೊಂಡು ಕೂತಿದ್ದರು. “ನನ್ನ ಮರ್ಯಾದಿ ಕಳೆದಿಯಲ್ಲೇ.”

“ಬೆಳಗಿಂದ ಉಂಡಿಲ್ಲ ನೀವು” ಎಂದು ಕಸ್ತೂರಮ್ಮ ತಟ್ಟೆ ಇಟ್ಟು, ಬಾಟಲಿಯ ತಳದಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿದರು. ಷಣ್ಮುಖಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ ಗುಟುಕರಿಸಿದರು. ರೊಟ್ಟಿ ಮುರಿದರು. ಮತ್ತೆ ಗುಟುಕರಿಸಿದರು.

“ಬಿಸಿ ರೊಟ್ಟಿ ಐತೇನು?”

ಆಗಷ್ಟೇ ತೊಳೆದಿಟ್ಟ ಹಂಚನ್ನು ಗೊಣಗುತ್ತಲೇ ಮತ್ತೆ ಒಲೆಗೇರಿಸಿ, ಕಸ್ತೂರಮ್ಮ ಹಿಟ್ಟು ನಾದಲು ಕೂತರು.